ಅಮ್ಮ ಯಾರನ್ನೂ ಹತ್ತಿರ ಬಿಡುತ್ತಿಲ್ಲ

ಪ್ರಶ್ನೆ: ಅಮ್ಮನಿಗೆ 79 ವರ್ಷ. ಸ್ಟ್ರೋಕ್ ಆದಮೇಲೆ ಬಲಗೈಯಲ್ಲಿ ಶಕ್ತಿ ಇಲ್ಲ. ನೋಡಿಕೊಳ್ಳಲು ಇಟ್ಟ ಇಬ್ಬರೂ ಎರಡೇ ತಿಂಗಳಲ್ಲಿ ಬಿಟ್ಟು ಹೋದರು. ಸ್ನಾನ ಮಾಡಿಸಲು ಹೋದರೆ ಅಮ್ಮ ಬೈದು ಕಳಿಸುತ್ತಾರೆ, "ನೀನೇ ಮಾಡಿಸು" ಅಂತ ಹಟ. ಅಣ್ಣ ನನಗೆ ಕೆಲಸ ಬಿಡು ಅನ್ನುತ್ತಾನೆ. ನಾನು ಕೆಟ್ಟ ಮಗಳಾ?

ಉತ್ತರ: ಕೊನೆಯ ಪ್ರಶ್ನೆ ಮೊದಲು ಮುಗಿಸಿಬಿಡೋಣ. ಅಲ್ಲ. ಕೆಲಸ ಬಿಡುವ ಮಾತನ್ನು ಸದ್ಯಕ್ಕೆ ಎತ್ತಲೇಬೇಡಿ. ಅಣ್ಣ ಮತ್ತೆ ಹೇಳಿದರೆ, ವಾರದಲ್ಲಿ ಯಾವ ಎರಡು ದಿನ ನೀನು ಬರ್ತೀಯ ಅಂತ ಕೇಳಿ. (ಉತ್ತರ ಬಂದರೆ ನನಗೂ ತಿಳಿಸಿ.)

ಈಗ ಅಮ್ಮನ ವಿಷಯ. ಇಷ್ಟು ವರ್ಷ ಬಾಗಿಲು ಹಾಕಿಕೊಂಡು ತಾವೇ ಸ್ನಾನ ಮಾಡಿದವರು. ಹೆಸರೂ ಸರಿಯಾಗಿ ಗೊತ್ತಿಲ್ಲದ ಒಬ್ಬರು ಬಂದ ದಿನವೇ ಬಟ್ಟೆ ಬಿಚ್ಚಿ ಅಂದರೆ ನೀವಾದರೂ ಬೈಯುತ್ತಿರಲಿಲ್ವಾ? ನನ್ನ ಪ್ರಕಾರ ಆ ಇಬ್ಬರಿಗೂ ನೀವು ಎಲ್ಲಕ್ಕಿಂತ ಕಷ್ಟದ ಕೆಲಸವನ್ನೇ ಮೊದಲು ಕೊಟ್ಟಿರಿ.

ಮೂರನೆಯವರು ಬಂದಾಗ ಉಲ್ಟಾ ಮಾಡಿ. ಮೊದಲ ವಾರ ಸ್ನಾನದ ಸುದ್ದಿಯೇ ಬೇಡ. ಅಡುಗೆ, ಪಾತ್ರೆ, ಬಟ್ಟೆ ಮಡಚುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ನೆನಪಿಸುವುದು, ಅಷ್ಟೇ. ಯಾವ ಡಬ್ಬ ಎಲ್ಲಿಡಬೇಕು ಅಂತ ಅಮ್ಮನೇ ಹೇಳಲಿ, ತಪ್ಪು ಹುಡುಕಲಿ, ಗೊಣಗಲಿ. ಮನೆಯ ಯಜಮಾನಿಕೆ ಇನ್ನೂ ತಮ್ಮ ಕೈಯಲ್ಲೇ ಇದೆ ಅಂತ ಅನ್ನಿಸಿದ ಮೇಲೆ ತಲೆ ಬಾಚಲು, ಕಾಲು ಒರೆಸಲು ಬಿಡುತ್ತಾರೆ. ಸ್ನಾನ ಆಮೇಲೆ. ದಿನಾ ಆಗಲೇಬೇಕು ಅಂತಲೂ ಇಲ್ಲ, ಈ ವಯಸ್ಸಿನ ಚರ್ಮ ಬೇಗ ಒಣಗುತ್ತದೆ, ವಾರಕ್ಕೆ ಎರಡು ಮೂರು ಸಲ ಸಾಕು. ಉಳಿದ ದಿನ ಮುಖ, ಕಂಕುಳು, ತೊಡೆಸಂದಿ, ಪಾದ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು.

ನಮ್ಮತ್ತೆಯನ್ನು ನೋಡಿಕೊಳ್ಳುತ್ತಿದ್ದವರ ಕೈಚಳಕ ನಾನು ಹತ್ತಿರದಿಂದ ನೋಡಿದ್ದೇನೆ. ಗಟ್ಟಿ ಸ್ಟೂಲ್ ಮೇಲೆ ಕೂರಿಸಿ, ದೊಡ್ಡ ಟವೆಲ್ಲನ್ನು ಹೆಗಲಿಂದ ಮಂಡಿವರೆಗೆ ಹೊದಿಸಿ, ಮೊದಲು ಪಾದಕ್ಕೆ ನೀರು. ಟವೆಲ್ ಪೂರ್ತಿ ತೆಗೆಯುವುದೇ ಇಲ್ಲ, ಒಂದೊಂದು ಕಡೆ ಎತ್ತಿ ತೊಳೆದು ಮತ್ತೆ ಮುಚ್ಚುವುದು. ಸೋಪು ಹಚ್ಚಿದ ಬಟ್ಟೆಯನ್ನು ಅತ್ತೆಯ ಕೈಗೇ ಕೊಟ್ಟು, "ಮುಂದೆಲ್ಲ ನೀವೇ ತಿಕ್ಕಿಕೊಳ್ಳಿ ಅಮ್ಮ, ಬೆನ್ನು ನನಗೆ ಬಿಡಿ" ಅನ್ನುತ್ತಿದ್ದರು. ನಿಮ್ಮಮ್ಮನಿಗೆ ಎಡಗೈ ಚೆನ್ನಾಗಿದೆ, ಅಲ್ವಾ?

ಇನ್ನೊಂದು. ಬಟ್ಟೆ ಹಾಕುವಾಗ ಸೋತ ಕೈಯನ್ನು ಮೊದಲು ತೋಳಿಗೆ ತೂರಿಸಬೇಕು, ಬಿಚ್ಚುವಾಗ ಸರಿಯಿರುವ ಕೈಯನ್ನು ಮೊದಲು ಬಿಡಿಸಬೇಕು. ಇದು ಗೊತ್ತಿಲ್ಲದವರು ಕೈ ಹಿಡಿದು ಎಳೆಯುತ್ತಾರೆ, ಭುಜ ನೋಯುತ್ತದೆ. ಅಮ್ಮನ ಸಿಟ್ಟಿಗೆ ಅರ್ಧ ಕಾರಣ ಅದೇ ಇದ್ದರೂ ಇರಬಹುದು, ಒಮ್ಮೆ ಕೇಳಿ ನೋಡಿ. ಬಚ್ಚಲಿಗೆ ಜಾರದ ಮ್ಯಾಟು, ಗೋಡೆಗೆ ಗಟ್ಟಿ ಹಿಡಿಕೆ ಹಾಕಿಸಿ. ಟವೆಲ್ ರಾಡ್ ಹಿಡಿದರೆ ಕಿತ್ತು ಕೈಗೆ ಬರುತ್ತದೆ.

ಸೇರಿಸಿಕೊಳ್ಳುವಾಗಲೇ ಏನೇನು ಕೆಲಸ, ಯಾವತ್ತು ರಜೆ ಅಂತ ಬರೆದಿಡಿ. ಇಡೀ ಮನೆಯವರ ಬಟ್ಟೆ ಅವರ ತಲೆಗೆ ಕಟ್ಟಬೇಡಿ. ಇಂಜೆಕ್ಷನ್, ಗಾಯದ ಡ್ರೆಸ್ಸಿಂಗ್ ಇದ್ದರೆ ಅದು ನರ್ಸ್ ಕೆಲಸ, ಇವರಿಂದ ಮಾಡಿಸಬೇಡಿ.

ಮೊದಲ ಸ್ನಾನ ನೀವೇ ಮಾಡಿಸಿ, ಅವರು ಪಕ್ಕದಲ್ಲಿ ಟವೆಲ್ ಹಿಡಿದು ನಿಂತಿರಲಿ. ಎರಡನೇ ಸಲ ನೀರು ಅವರು ಹಾಕಲಿ. ಮೂರನೇ ಸಲ, ಸರಿಯಾಗಿ ಬೆನ್ನು ತಿಕ್ಕುವ ಹೊತ್ತಿಗೆ, ನಿಮಗೆ ಯಾವುದೋ ಫೋನ್ ಬರಲಿ. ಹೊರಗೆ ಹೋಗಿ ಮಾತಾಡಿ.