ಫೋರ್ಕ್‌ಲಿಫ್ಟ್ ಕಲಿಯಲೋ, ಆಫೀಸಿನಲ್ಲಿ ಕೂರಲೋ?

ಪ್ರಶ್ನೆ: ಮೇಡಂ, ನಾನು ಪದವೀಧರೆ, ದೊಡ್ಡ ಗೋದಾಮಿನಲ್ಲಿ ಪ್ಯಾಕಿಂಗ್ ಮಾಡುತ್ತೇನೆ. ಡಿಸ್ಪ್ಯಾಚ್ ಆಫೀಸಿನಲ್ಲಿ ಡೇಟಾ ಎಂಟ್ರಿಗೆ ಬರುತ್ತೀರಾ, ಇಲ್ಲಾ ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಕಲಿಯುತ್ತೀರಾ ಎಂದು ಕೇಳಿದ್ದಾರೆ. ನನಗೆ ಗಾಡಿಯ ಮೇಲೆ ಆಸೆ. ಆದರೆ ರಾತ್ರಿ ಪಾಳಿಯೂ ಇರುತ್ತದೆ. ಮನೆಯಲ್ಲಿ, ‘ಗಂಡಸರ ಕೆಲಸ ನಿನಗ್ಯಾಕೆ, ಅಷ್ಟು ಭಾರ ನಿನ್ನ ಕೈಲಾಗುತ್ತಾ’ ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಗಾಡಿ ಕಲಿಯಮ್ಮ. ನಾನೂ ಸ್ಕ್ಯಾನರ್ ಹಿಡಿದು ಈ ಕೆಲಸಕ್ಕೆ ಬಂದವಳು. ಆಮೇಲೆ ಫೋರ್ಕ್‌ಲಿಫ್ಟ್ ಓಡಿಸಿದೆ, ಈಗ ಶಿಫ್ಟ್ ನೋಡಿಕೊಳ್ಳುತ್ತೇನೆ.

ಭಾರದ ಮಾತು ಮೊದಲು ಮುಗಿಸೋಣ. ಈಗ ಪ್ಯಾಕಿಂಗ್ ಟೇಬಲ್ಲಿನಲ್ಲಿ ದಿನವಿಡೀ ಪೆಟ್ಟಿಗೆ ಎತ್ತಿ ಇಳಿಸುತ್ತಿರುವುದು ನಿನ್ನ ಸೊಂಟವೇ ತಾನೆ? ಅದನ್ನು ಯಾರೂ ಗಂಡಸರ ಕೆಲಸ ಅನ್ನಲಿಲ್ಲ. ಫೋರ್ಕ್‌ಲಿಫ್ಟಿನಲ್ಲಿ ಭಾರ ಎತ್ತುವುದು ಹೈಡ್ರಾಲಿಕ್ ಸಿಲಿಂಡರ್, ನಿನ್ನ ಕೈ ಹಿಡಿಯುವುದು ಲಿವರ್ ಮಾತ್ರ. ಅಲ್ಲಿ ಬೇಕಾದದ್ದು ಲೆಕ್ಕ ಮತ್ತು ತಾಳ್ಮೆ. ಪ್ರತಿ ಗಾಡಿಗೂ ಒಂದು ಸಾಮರ್ಥ್ಯದ ಫಲಕ ಬಡಿದಿರುತ್ತಾರೆ. ಅದರಲ್ಲಿ 1,500 ಕೆ.ಜಿ., 500 ಮಿ.ಮೀ. ಎಂದಿದ್ದರೆ, ಸರಕಿನ ಭಾರದ ನಡುಬಿಂದು ಫೋರ್ಕಿನ, ಅಂದರೆ ಗಾಡಿಯ ಮುಂದೆ ಚಾಚಿದ ಕಬ್ಬಿಣದ ಕವಲಿನ, ಬುಡದಿಂದ ಅರ್ಧ ಮೀಟರಿನೊಳಗೆ ಇದ್ದಾಗ ಮಾತ್ರ ಅಷ್ಟು ತೂಕ ಎತ್ತಬಹುದು. ಅಷ್ಟೇ ತೂಕದ ಉದ್ದನೆಯ ಪೆಟ್ಟಿಗೆ ಬಂದರೆ ನಡುಬಿಂದು ಮುಂದೆ ಸರಿಯುತ್ತದೆ, ಹಿಂದಿನ ಚಕ್ರ ನೆಲ ಬಿಡಬಹುದು. ಆ ಫಲಕ ಓದದೆ ಎತ್ತುವವರು ಎಷ್ಟು ತೋಳ್ಬಲ ಇದ್ದವರಾದರೂ ನನ್ನ ಶಿಫ್ಟಿನಲ್ಲಿ ಬೇಡ.

ಡೇಟಾ ಎಂಟ್ರಿಯನ್ನು ನಾನು ಕೀಳಾಗಿ ಕಾಣುವುದಿಲ್ಲ. ಆದರೆ ಹೆಣ್ಣುಮಕ್ಕಳನ್ನು ಪ್ಯಾಕಿಂಗು, ಲೇಬಲ್ಲು, ಕಂಪ್ಯೂಟರ್ ಎಂದು ಒಂದೇ ಮೂಲೆಗೆ ಸೇರಿಸುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಶಿಫ್ಟ್ ಇನ್‌ಚಾರ್ಜ್ ಹುದ್ದೆ ಖಾಲಿಯಾದಾಗ ಮೇಲಿನವರು ‘ಡಾಕ್ ಗೊತ್ತಾ?’ ಎಂದೇ ಕೇಳುತ್ತಾರೆ. ಡಾಕ್ ಅಂದರೆ ಲಾರಿಗೆ ಸರಕು ಹತ್ತಿಸಿ ಇಳಿಸುವ ಕಟ್ಟೆ. ಲಾರಿ ಬಂದು ನಿಂತಾಗ ಯಾವುದನ್ನು ಮೊದಲು ಇಳಿಸಬೇಕು, ಯಾವ ಪ್ಯಾಲೆಟ್ (ಸರಕು ಪೇರಿಸುವ ಹಲಗೆ) ಯಾವ ರ‍್ಯಾಕಿಗೆ ಹೋಗಬೇಕು ಎನ್ನುವುದು ಡಾಕಿನಲ್ಲಿ ನಿಂತವರಿಗೇ ತಿಳಿಯುವುದು.

ಇನ್ನು ರಾತ್ರಿ ಪಾಳಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1948ರ ಒಪ್ಪಂದ, ಕೈಗಾರಿಕೆಗಳಲ್ಲಿ ಹೆಂಗಸರಿಗೆ ರಾತ್ರಿ ಕೆಲಸವೇ ಬೇಡ ಎಂದಿತ್ತು. 1990ರ ಒಪ್ಪಂದ ದಾರಿ ಬದಲಿಸಿತು: ರಾತ್ರಿ ದುಡಿಯುವ ಗಂಡಸು ಹೆಂಗಸು ಇಬ್ಬರಿಗೂ ಕೇಳಿದಾಗ ಉಚಿತ ಆರೋಗ್ಯ ತಪಾಸಣೆ, ಗರ್ಭಿಣಿಯರಿಗೆ ಹೆರಿಗೆಯ ಹಿಂದುಮುಂದು ರಾತ್ರಿ ಪಾಳಿಗೆ ಬದಲಿ ವ್ಯವಸ್ಥೆ. 2019ರ ಕಿರುಕುಳ ತಡೆ ಒಪ್ಪಂದದ ವ್ಯಾಪ್ತಿಯಲ್ಲಿ ಕೆಲಸಕ್ಕೆ ಹೋಗಿಬರುವ ದಾರಿಯೂ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆಯೂ ಸೇರಿವೆ. ನಿಮ್ಮಲ್ಲಿ ಕಾನೂನು ಹೇಗೇ ಇರಲಿ, ಇವನ್ನೆಲ್ಲ ಸಹಿ ಹಾಕುವ ಮೊದಲೇ ಕೇಳು. ವಾಹನ ಗೇಟಿನವರೆಗೋ ಮನೆ ಬಾಗಿಲವರೆಗೋ? ಪಾಳಿಯ ಪಟ್ಟಿ ಎಷ್ಟು ದಿನ ಮೊದಲು ಸಿಗುತ್ತದೆ? ಉತ್ತರ ಬರಹದಲ್ಲಿರಲಿ. ಮನೆಯವರ ಮುಂದೆ ಆ ಕಾಗದ ಇಟ್ಟರೆ ಅರ್ಧ ಆತಂಕ ಇಳಿಯುತ್ತದೆ.

ಪ್ರಶ್ನೆ: ನಮ್ಮ ಗೋದಾಮಿಗೆ ಸೇರುವ ಹೆಂಗಸರು ಕೆಲವೇ ತಿಂಗಳಲ್ಲಿ ಬಿಟ್ಟುಹೋಗುತ್ತಾರೆ. ಸಂಬಳ ಎಲ್ಲರಿಗೂ ಒಂದೇ. ಏನು ಕಾರಣ?
– ಒಬ್ಬ ಮ್ಯಾನೇಜರ್

ಉತ್ತರ: ಸರ್, ಡಾಕಿನಿಂದ ಹೆಂಗಸರ ಶೌಚಾಲಯಕ್ಕೆ ಒಮ್ಮೆ ನಡೆದು ನೋಡಿ. ಹೋಗಿ ಬರುವಷ್ಟರಲ್ಲಿ ಬಿಡುವಿನ ಸಮಯ ಮುಗಿಯುತ್ತದೆ ಅಂತಾದರೆ, ಅವರು ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ. ಸುರಕ್ಷತಾ ಬೂಟು, ಕೈಗವಸು ಅವರ ಅಳತೆಯಲ್ಲಿವೆಯೇ? ಬೂಟಿನೊಳಗೆ ಎರಡೆರಡು ಸಾಕ್ಸ್ ತುಂಬಿ ನಡೆಯುವವರನ್ನು ಕಂಡಿದ್ದೇನೆ. ಪದೇಪದೇ ತೆಗೆಯುವ ಭಾರದ ಸರಕನ್ನು ಸೊಂಟದಿಂದ ಎದೆಯ ಎತ್ತರದ ರ‍್ಯಾಕಿಗೆ ಇಳಿಸಿ. ಗಂಡಸರ ಬೆನ್ನಿಗೂ ಒಳ್ಳೆಯದು. ಬಿಟ್ಟುಹೋದವರಿಗೂ ಫೋನ್ ಮಾಡಿಸಿ. ಆದರೆ ಅವರ ಸೂಪರ್‌ವೈಸರ್ ಕೈಯಲ್ಲಿ ಬೇಡ, ಬೇರೊಬ್ಬ ಹೆಣ್ಣುಮಗಳಿಂದ ಕೇಳಿಸಿ.