ಉಗುರಿನ ಮೇಲಿನ ಬಿಳಿ ಚುಕ್ಕೆ ಯಾವತ್ತಿಂದು?

ಪ್ರಶ್ನೆ: ಸರ್, ನನ್ನ ಉಂಗುರದ ಬೆರಳಿನ ಉಗುರಲ್ಲಿ ಎರಡು ಬಿಳಿ ಚುಕ್ಕೆ ಬಂದಿದೆ. ನೋಡಿದೋರೆಲ್ಲ ಕ್ಯಾಲ್ಸಿಯಂ ಕಮ್ಮಿಯಾಗಿದೆ, ಮಾತ್ರೆ ತಗೋ ಅಂತಾರೆ. ತಗೊಳ್ಲಾ? ಇನ್ನೊಂದು ಡೌಟು, ಉಗುರು ಕತ್ತರಿಸಿದ್ರೆ ಏನೂ ಆಗಲ್ಲ, ಬಾಗಿಲಿಗೆ ಸಿಕ್ಕಿದ್ರೆ ಮಾತ್ರ ಯಾಕೆ ಜೀವ ಹೋದಂಗಾಗುತ್ತೆ?

ಉತ್ತರ: ಮಾತ್ರೆ ಏನೂ ಬೇಡ. ಉಗುರಿಗೆ ಗಟ್ಟಿತನ ಬಂದಿರೋದೇ ಕ್ಯಾಲ್ಸಿಯಂನಿಂದ ಅಲ್ಲ, ಕೆರಾಟಿನ್ ಅನ್ನೋ ಪ್ರೋಟೀನ್‌ನಿಂದ, ಕೂದಲಲ್ಲೂ ಚರ್ಮದ ಮೇಲ್ಪದರದಲ್ಲೂ ಇರೋದು ಅದೇ. ಉಗುರು ತಯಾರಾಗೋ ಜಾಗ ಬುಡದಲ್ಲಿ ಚರ್ಮದ ಅಡಿಗೆ ಅಡಗಿರುತ್ತೆ, ಹೆಬ್ಬೆರಳಲ್ಲಿ ಬೆಳ್ಳಗೆ ಅರ್ಧಚಂದ್ರ ಕಾಣುತ್ತಲ್ಲ, ಅದು ಆ ಜಾಗದ ಹೊರಗೆ ಇಣುಕೋ ತುದಿ. ಅಲ್ಲಿ ಸಣ್ಣ ಪೆಟ್ಟು ಬಿದ್ರೆ, ಇಲ್ಲಾ ಬುಡದ ಸಿಪ್ಪೆ ಕಿತ್ಕೊಳ್ಳೋ ಅಭ್ಯಾಸ ಇದ್ರೆ (ಇದೆ ತಾನೆ?), ಆ ಹೊತ್ತಿಗೆ ಹುಟ್ಟಿದ ಕೋಶಗಳು ಸರಿಯಾಗಿ ಮಾಗದೆ ಬೆಳ್ಳಗೆ ಉಳಿದು ಉಗುರಿನ ಜೊತೆ ಮುಂದಕ್ಕೆ ಬರ್ತವೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತೆ. ಒಂದು ಸ್ಕೇಲ್ ಇಟ್ಟು ನೋಡಿ, ಚುಕ್ಕೆ ಬುಡದಿಂದ 6 ಮಿ.ಮೀ. ದೂರ ಇದ್ರೆ ಪೆಟ್ಟು ಬಿದ್ದು ಕಮ್ಮಿ ಅಂದ್ರೂ ಎರಡು ತಿಂಗಳಾಗಿದೆ, ನಿಮಗೆ ನೆನಪೂ ಇರಲ್ಲ. ಬೆಳೀತಾ ಬೆಳೀತಾ ತುದಿಗೆ ಬಂದಾಗ ಕತ್ತರಿಸಿ ಬಿಸಾಕ್ತೀರ, ಅಲ್ಲಿಗೆ ಮುಗೀತು. ಆದ್ರೆ ಉಗುರುಗಳು ಪೂರ್ತಿ ಬೆಳ್ಳಗಾದ್ರೆ, ಇಲ್ಲಾ ಹೊಸದಾಗಿ ಕಪ್ಪು ಗೆರೆ ಬಂದು ಅಗಲ ಆಗ್ತಿದ್ರೆ ಸುಮ್ನೆ ಕೂರಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.

ನೋವಿನ ವಿಷ್ಯಕ್ಕೆ ಬಂದ್ರೆ, ನೀವು ಕತ್ತರಿಸೋ ಉಗುರು ಸತ್ತ ಕೋಶಗಳ ತಗಡು, ಅದರಲ್ಲಿ ನರ ಇಲ್ಲ, ರಕ್ತ ಇಲ್ಲ. ಅದರ ಕೆಳಗಿರೋ ಚರ್ಮದಲ್ಲಿ ಎರಡೂ ತುಂಬಿವೆ. ಉಗುರನ್ನ ಒತ್ತಿ ಬಿಡಿ, ಬೆಳ್ಳಗಾಗಿ ಎರಡು ಸೆಕೆಂಡಲ್ಲಿ ಮತ್ತೆ ಗುಲಾಬಿಗೆ ತಿರುಗುತ್ತಲ್ಲ, ಅದು ಅಲ್ಲಿಗೆ ವಾಪಸ್ ಬಂದ ರಕ್ತ. ಮೈಯಲ್ಲಿ ಬೇರೆ ಕಡೆ ಚರ್ಮಕ್ಕೂ ಮೂಳೆಗೂ ಮಧ್ಯ ಕೊಬ್ಬಿನ ಮೆತ್ತೆ ಇರುತ್ತೆ, ಉಗುರಿನ ಅಡಿಗೆ ಅದೂ ಇಲ್ಲ, ಚರ್ಮ ನೇರವಾಗಿ ಮೂಳೆಗೆ ಅಂಟಿದೆ. ಹಂಗಾಗಿ ಬಾಗಿಲಿಗೆ ಸಿಕ್ಕಿ ಒಳಗೆ ರಕ್ತ ಸೋರಿದ್ರೆ ಮೇಲೆ ಗಟ್ಟಿ ಉಗುರು, ಕೆಳಗೆ ಮೂಳೆ, ಊದ್ಕೊಳ್ಳೋಕೆ ಜಾಗಾನೇ ಇಲ್ಲ, ಅದಕ್ಕೇ ರಾತ್ರಿಯೆಲ್ಲ ಡವಡವ ಅಂತ ಮಿಡಿಯೋದು.