ಬಿಟ್ಟುಹೋದವರ ಎದುರು ಗೆದ್ದು ತೋರಿಸುವುದು ಹೇಗೆ?

ನೀವು ಬರೆದಿರುವುದು ಇಷ್ಟು: ಐದು ವರ್ಷದ ಪ್ರೀತಿ ಮುರಿದು ಮೂರು ತಿಂಗಳಾಯಿತು. ಇಬ್ಬರೂ ಚಿಕ್ಕಮಗಳೂರಲ್ಲೇ ಇದ್ದೀರಿ. ಕೆಎಎಸ್ ಪಾಸಾಗಿ ಅವರಿಗೆ ತೋರಿಸಬೇಕು ಅಂತ ಹಟ, ಆದರೆ ಪುಸ್ತಕ ತೆರೆದರೆ ಒಂದು ಪುಟವೂ ತಲೆಗೆ ಹತ್ತುತ್ತಿಲ್ಲ.

ಓದಿ, ಖಂಡಿತ ಓದಿ. ‘ತೋರಿಸಬೇಕು’ ಅನ್ನುವುದನ್ನು ಮಾತ್ರ ಬಿಡಿ ಅಂತ ನನ್ನ ಮಾತು. ಅವರಿಗಾಗಿ ಓದಿದರೆ ಪುಟಪುಟದಲ್ಲೂ ಅವರೇ ಬಂದು ಕೂರುತ್ತಾರೆ. ಪ್ರಿಲಿಮ್ಸ್, ಮುಖ್ಯ ಪರೀಕ್ಷೆ, ಸಂದರ್ಶನ ದಾಟಲು ವರ್ಷಗಳೇ ಹಿಡಿಯಬಹುದು; ಅಷ್ಟು ದಿನ ನಿಮ್ಮ ಬೆಲೆಯನ್ನು ಅಡವಿಡಬೇಡಿ.

ಮೊದಲು ನಿದ್ದೆ ಸರಿಮಾಡಿಕೊಳ್ಳಿ. ಎಷ್ಟೊತ್ತಿಗೆ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆ ಬಿಟ್ಟು ಮಂದ ಬೆಳಕಲ್ಲಿ ಕೂತು, ಕಣ್ಣೆಳೆದಾಗ ಮತ್ತೆ ಮಲಗಿ. ಮಧ್ಯಾಹ್ನ ಎರಡರ ನಂತರ ಕಾಫಿ ಬೇಡ: ಸಂಜೆ ಆರಕ್ಕೆ ಕುಡಿದರೆ ಅದರ ಕೆಫೀನಿನಲ್ಲಿ ಹೆಚ್ಚುಕಡಿಮೆ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ನಮ್ಮ ಸೀಮೆಯಲ್ಲಿ ಯಾರ ಮನೆಗೆ ಹೋದರೂ ಲೋಟ ಮುಂದಿಡುತ್ತಾರೆ, ಹಾಲು ಕೇಳಿ ಕುಡಿಯಿರಿ.

ಆಮೇಲೆ ಫೋನ್. ಅವರ ಸ್ಟೇಟಸ್ ಮ್ಯೂಟ್ ಮಾಡಿ, ಫೋಟೋಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಮನೆಯವರ ಕೈಗೆ ಕೊಡಿ. ಸಿಟ್ಟಲ್ಲಿ ಅಳಿಸಿದವರು ರಾತ್ರಿ ಅದನ್ನೇ ಹುಡುಕುತ್ತಾರೆ. ಪಾಸ್‌ವರ್ಡ್ ಬದಲಿಸಿ. ಕೊಡುವ, ತೆಗೆದುಕೊಳ್ಳುವ ದುಡ್ಡಿದ್ದರೆ ಒಂದೇ ಮೆಸೇಜಿನಲ್ಲಿ ಲೆಕ್ಕ ಮುಗಿಸಿ.

ಇನ್ನು ಮುಖ್ಯವಾದದ್ದು. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಮೂರೇ ಸಾಲು: ಮೈಗೆ ಒಂದು, ಓದಿಗೆ ಒಂದು, ಜನರ ಜೊತೆ ಒಂದು. ಉದಾಹರಣೆಗೆ ರತ್ನಗಿರಿ ಬೋರೆಯವರೆಗೆ ನಡಿಗೆ, ಇಪ್ಪತ್ತೈದು ನಿಮಿಷದ ಓದು, ಗೆಳತಿಗೆ ಒಂದು ಕರೆ. ಮಾಡುವ ಮೊದಲೂ ಮಾಡಿದ ಮೇಲೂ ಮನಸ್ಸಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಹಾಕಿ. ಇಲ್ಲಿ ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ಏಳುವುದು, ಜಿಮ್, ಎಂಟು ಗಂಟೆ ಓದು ಎಲ್ಲವನ್ನೂ ಒಟ್ಟಿಗೆ ಹಿಡಿದು, ಎರಡನೇ ವಾರಕ್ಕೆ ಕೈಬಿಟ್ಟು, ‘ನನ್ನಿಂದ ಏನೂ ಆಗಲ್ಲ’ ಎನ್ನುವುದಕ್ಕೆ ಇನ್ನೊಂದು ಸಾಕ್ಷಿ ಸೇರಿಸಿಕೊಳ್ಳುತ್ತಾರೆ. ಎರಡು ದಿನ ತಪ್ಪಿದರೆ ಕೆಲಸ ಬಿಡಬೇಡಿ, ಅರ್ಧಕ್ಕೆ ಇಳಿಸಿ. ಮನಸ್ಸು ಬಂದಮೇಲೆ ಮಾಡುತ್ತೇನೆಂದು ಕಾಯಬೇಡಿ. ಈ ಸ್ಥಿತಿಯಲ್ಲಿ ಮೊದಲು ಕೆಲಸ, ಆಮೇಲೆ ಮನಸ್ಸು. ಅಂಕಗಳನ್ನು ದಿನದಿನಕ್ಕೆ ಅಲ್ಲ, ವಾರಕ್ಕೊಮ್ಮೆ ಹೋಲಿಸಿ.

ನವೆಂಬರ್ ದಾಟಿದರೆ ಅರೇಬಿಕಾ ಕಾಫಿ ಕುಯ್ಲಿನ ಕಾಲ. ನೆಂಟರ ತೋಟವಿದ್ದರೆ ಭಾನುವಾರ ಹೋಗಿ ಹಣ್ಣು ಕುಯ್ಯಿರಿ. ಸಂಜೆ ತೂಕ ಹಾಕಿದಾಗ ನಿಮ್ಮ ಕೈ ಮಾಡಿದ ಕೆಲಸ ಕೆಜಿ ಲೆಕ್ಕದಲ್ಲಿ ಕಾಣುತ್ತದೆ, ಮಾತಾಡಲು ಜನವೂ ಇರುತ್ತಾರೆ.

ಎಂ.ಜಿ. ರಸ್ತೆಯಲ್ಲಿ ಅವರು ಎದುರಾದರೆ ತಲೆಯಾಡಿಸಿ ಮುಂದೆ ನಡೆಯಿರಿ, ಅಷ್ಟು ಸಾಕು. ಕೇಳುವ ನೆಂಟರಿಗೂ ಒಂದು ವಾಕ್ಯ ಸಿದ್ಧವಿರಲಿ: “ಅದು ಮುಗೀತು ಅತ್ತೆ, ಈಗ ಓದ್ತಿದ್ದೀನಿ.”

ಎರಡು ವಾರಕ್ಕೂ ಹೆಚ್ಚು ಊಟ, ನಿದ್ದೆ, ಆಸಕ್ತಿ ಎಲ್ಲ ಕೆಟ್ಟಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ. ಸಾಯುವ ಯೋಚನೆ ಒಮ್ಮೆ ಬಂದರೂ ಕಾಯಬೇಡಿ: ಆಗಲೇ ಮನೆಯಲ್ಲಿ ಒಬ್ಬರಿಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲೂ ರಾತ್ರಿಯೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಾಳೆಯ ಮೂರು ಸಾಲನ್ನು ಇವತ್ತು ರಾತ್ರಿಯೇ ಬರೆದಿಡಿ. ಬೆಳಿಗ್ಗೆ ಎದ್ದು ಏನು ಮಾಡಲಿ ಅಂತ ಯೋಚಿಸಲು ಕೂತರೆ ಮನಸ್ಸು ಮತ್ತೆ ಅವರ ಹತ್ತಿರವೇ ಹೋಗುತ್ತದೆ.